ಹರಾಜಿನಲ್ಲಿ 25 ಕೋಟಿ, ಚಿತ್ರ ಬರೆದವರಿಗೆ ಎಷ್ಟು?

ಪಶ್ಚಿಮ ಆಫ್ರಿಕಾದ ಕಲೆಯ ಬಗ್ಗೆ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತದೆ. ಆರ್ಟ್‌ರಿವ್ಯೂ ಎಂಬ ಬ್ರಿಟಿಷ್ ಪತ್ರಿಕೆ ಕಲಾಲೋಕದ ನೂರು ಪ್ರಭಾವಿಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಹೊರಡಿಸುತ್ತದೆ. 2025ರ ಕೊನೆಯಲ್ಲಿ ಬಂದ ಪಟ್ಟಿಯಲ್ಲಿ ಮೊದಲ ಹೆಸರು ಘಾನಾದ ಇಬ್ರಾಹಿಂ ಮಹಾಮಾ ಅವರದು. ಆಫ್ರಿಕಾದವರೊಬ್ಬರು ಆ ಜಾಗಕ್ಕೆ ಬಂದದ್ದು ಅದೇ ಮೊದಲು. ಸರಿ, ಖುಷಿಯ ಸುದ್ದಿ. ಆದರೆ ಕೆಲವು ವರ್ಷಗಳ ಹಿಂದೆ ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗುತ್ತಿದ್ದ ಆಫ್ರಿಕಾದ ಯುವ ಚಿತ್ರಕಾರರ ಕ್ಯಾನ್ವಾಸ್‌ಗಳು ಈಗ ಅರ್ಧ ಬೆಲೆಗೂ ಹೋಗುತ್ತಿಲ್ಲ ಎಂಬ ಸುದ್ದಿಯೂ ಇದೇ ಕಾಲದಲ್ಲಿ ಬರುತ್ತಿದೆ.

ಹಾಗಾದರೆ ಈ ಕಲೆ ಏರುತ್ತಿದೆಯೋ, ಇಳಿಯುತ್ತಿದೆಯೋ?

ಎರಡೂ ನಿಜ. ಯಾಕೆಂದರೆ ಹರಾಜಿನ ಬೆಲೆಗೂ ಕಲಾವಿದರ ಬದುಕಿಗೂ ಇರುವ ನಂಟು ನಾವು ಅಂದುಕೊಂಡಷ್ಟು ನೇರವಾಗಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಒಬ್ಬರನ್ನು ಹಿಡಿದುಕೊಂಡು ಹೋಗುವುದು ಸುಲಭ. ಅವರೇ ಘಾನಾದ ಚಿತ್ರಕಾರ ಅಮೊವಾಕೊ ಬೊವಾಫೊ.

## ಆಕ್ರಾದಿಂದ ವಿಯೆನ್ನಾಗೆ

ಬೊವಾಫೊ ಹುಟ್ಟಿದ್ದು 1984ರಲ್ಲಿ, ಘಾನಾದ ರಾಜಧಾನಿ ಆಕ್ರಾದಲ್ಲಿ. ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡರು. ಅಮ್ಮ ಬೇರೆಯವರ ಮನೆಗಳಲ್ಲಿ ಕೆಲಸ ಮಾಡಿ ಸಾಕಿದರು. ಹುಡುಗನಿಗೆ ಟೆನಿಸ್ ಚೆನ್ನಾಗಿ ಬರುತ್ತಿತ್ತು, ಅದರಲ್ಲೇ ಅಷ್ಟಿಷ್ಟು ಸಂಪಾದನೆಯೂ ಇತ್ತು. ಚಿತ್ರ ಬರೆಯುವ ಆಸೆ ಇದ್ದರೂ ಫೀಸು ಕಟ್ಟುವವರು ಯಾರು? ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಮನೆಯವರೊಬ್ಬರು ಮುಂದೆ ಬಂದು ಕಟ್ಟಿದರು. ಹಾಗೆ ಆಕ್ರಾದ ಘಾನಟ್ಟಾ ಕಲಾ ಶಾಲೆ ಸೇರಿದರು.

ಆಮೇಲೆ ಆಸ್ಟ್ರಿಯಾಗೆ ಹೋಗಿ ವಿಯೆನ್ನಾದ ಲಲಿತಕಲಾ ಅಕಾಡೆಮಿಯಲ್ಲಿ ಓದಿದರು. ಬಿಳಿಯರೇ ತುಂಬಿದ ಊರಲ್ಲಿ ಕಪ್ಪು ಮುಖಗಳನ್ನು ಬರೆದರೆ ಯಾರು ಕೊಳ್ಳುತ್ತಾರೆ ಎಂಬ ಮಾತು ಅಲ್ಲಿ ಕೇಳಿಬಂತು. ಅವರು ಅದನ್ನೇ ಬರೆದರು. ಕಲಾವಿದೆ ಸುನಂದಾ ಮೆಸ್ಕಿಟಾ ಅವರ ಜೊತೆ ಸೇರಿ, ಬಿಳಿಯರಲ್ಲದ ಕಲಾವಿದರಿಗಾಗಿ ಅಲ್ಲೇ ಒಂದು ಜಾಗವನ್ನೂ ಕಟ್ಟಿಕೊಂಡರು.

ಇವರ ಒಂದು ಚಿತ್ರವನ್ನು ಹತ್ತಿರದಿಂದ ನೋಡಬೇಕು. ದೂರದಿಂದ ಎಲ್ಲ ಸರಳ. ಒಂದೇ ಬಣ್ಣದ ಗೋಡೆಯಂಥ ಹಿನ್ನೆಲೆ, ಹಳದಿಯೋ ಹಸಿರೋ. ಮುಂದೆ ಒಬ್ಬರು ನಿಂತಿದ್ದಾರೆ ಅಥವಾ ಕೂತಿದ್ದಾರೆ, ನೇರ ನಿಮ್ಮನ್ನೇ ನೋಡುತ್ತಿದ್ದಾರೆ. ಬಟ್ಟೆ ಚಪ್ಪಟೆ, ಅಂಚುಗಳು ನೀಟು. ಹತ್ತಿರ ಹೋದರೆ ಮುಖ ಮತ್ತು ಕೈಗಳು ಬೇರೆಯೇ ಲೋಕ. ಚರ್ಮದ ಭಾಗಕ್ಕೆ ಕುಂಚ ಮುಟ್ಟಿಸುವುದಿಲ್ಲ, ಬೆರಳಿನಿಂದಲೇ ಬಣ್ಣ ಹಚ್ಚುತ್ತಾರೆ. ಕಂದು, ನೀಲಿ, ಕಪ್ಪು ಎಲ್ಲ ಸುರುಳಿಸುರುಳಿಯಾಗಿ ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಬೆರಳು ಎಲ್ಲಿ ಒತ್ತಿತು, ಎಲ್ಲಿ ತಿರುಗಿತು ಎಂಬುದೂ ಕಾಣುತ್ತದೆ. ಕುಂಚ ಹೇಳಿದ ಮಾತು ಕೇಳುತ್ತದೆ, ಬೆರಳು ಅಷ್ಟು ಕೇಳುವುದಿಲ್ಲ, ಆ ಹಿಡಿತ ತಪ್ಪುವುದೇ ಅವರಿಗೆ ಬೇಕಾದದ್ದು. ಕೆಲವು ಚಿತ್ರಗಳಲ್ಲಿ ಉಡುಪಿನ ಹೂಬಳ್ಳಿ ಬರೆದದ್ದಲ್ಲ, ಉಡುಗೊರೆ ಸುತ್ತುವ ಕಾಗದದ ಚಿತ್ತಾರವನ್ನು ಕ್ಯಾನ್ವಾಸ್ ಮೇಲೆ ಇಳಿಸಿದ್ದು. ವಿಯೆನ್ನಾದ ಹಳೆಯ ದೊಡ್ಡವರಾದ ಕ್ಲಿಮ್ಟ್, ಶೀಲೆ ಇಬ್ಬರ ನೆರಳೂ ಇದರಲ್ಲಿದೆ. ಆದರೆ ಅವರ ಕ್ಯಾನ್ವಾಸಿನಲ್ಲಿ ಇಲ್ಲದ ಜನ ಇಲ್ಲಿದ್ದಾರೆ.

## ಒಂದು ಇನ್‌ಸ್ಟಾಗ್ರಾಮ್ ಫೋಟೊ

2018ರಲ್ಲಿ ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ ಇನ್‌ಸ್ಟಾಗ್ರಾಮ್‌ನಲ್ಲಿ ಈ ಚಿತ್ರಗಳನ್ನು ನೋಡಿದರು. ಬರಾಕ್ ಒಬಾಮಾ ಅವರ ಅಧಿಕೃತ ಭಾವಚಿತ್ರ ಬರೆದವರು ಇದೇ ವೈಲಿ, ಆ ಚಿತ್ರ ಅನಾವರಣಗೊಂಡದ್ದೂ ಅದೇ ವರ್ಷ. ಒಂದು ಚಿತ್ರ ಕೊಂಡರು, ತಮ್ಮ ಗ್ಯಾಲರಿಗಳಿಗೂ ಇವರ ಹೆಸರು ಹೇಳಿದರು. ಲಾಸ್ ಏಂಜಲೀಸ್‌ನ ರಾಬರ್ಟ್ಸ್ ಪ್ರಾಜೆಕ್ಟ್ಸ್ ಗ್ಯಾಲರಿ 2019ರ ಜನವರಿಯಲ್ಲಿ ಪ್ರದರ್ಶನ ಮಾಡಿತು. ಚಿತ್ರದ ಬೆಲೆ 10,000 ಡಾಲರ್ ಆಸುಪಾಸು, ಆಗಿನ ಲೆಕ್ಕದಲ್ಲಿ ಏಳು ಲಕ್ಷ ರೂಪಾಯಿ. ಎಲ್ಲವೂ ಮಾರಾಟವಾದವು. ಅದೇ ಡಿಸೆಂಬರಿನಲ್ಲಿ ಮಯಾಮಿಯ ರುಬೆಲ್ ಮ್ಯೂಸಿಯಂ ಹೊಸ ಕಟ್ಟಡಕ್ಕೆ ಬಂದಾಗ, ಅಲ್ಲಿ ಉಳಿದು ಕೆಲಸ ಮಾಡಲು ಕರೆದ ಮೊದಲ ಕಲಾವಿದ ಇವರೇ. ಜಗತ್ತಿನ ಶ್ರೀಮಂತ ಸಂಗ್ರಾಹಕರೆಲ್ಲ ಕಲಾ ಮೇಳಕ್ಕೆಂದು ಮಯಾಮಿಗೆ ಬಂದು ಸೇರುವ ವಾರವದು.

ಎರಡು ತಿಂಗಳು ಕಳೆಯಿತು. 2020ರ ಫೆಬ್ರವರಿ, ಲಂಡನ್ನಿನ ಫಿಲಿಪ್ಸ್ ಹರಾಜು ಮನೆ. ‘ದಿ ಲೆಮನ್ ಬೇದಿಂಗ್ ಸೂಟ್’ ಎಂಬ ಚಿತ್ರ, ನಿಂಬೆಹಣ್ಣಿನ ಚಿತ್ತಾರದ ಈಜುಡುಗೆ ತೊಟ್ಟ ಹೆಂಗಸಿನದು. 30,000ದಿಂದ 50,000 ಪೌಂಡ್ ಬರಬಹುದು ಎಂದು ಅಂದಾಜು ಮಾಡಿದ್ದರು. ಹೋಗಿದ್ದು 6,75,000 ಪೌಂಡ್‌ಗೆ, ಅಂದರೆ ಸುಮಾರು ಆರು ಕೋಟಿ ರೂಪಾಯಿ. ಬಣ್ಣ ಒಣಗಿ ಒಂದು ವರ್ಷ ಆಗಿತ್ತೋ ಇಲ್ಲವೋ. 2021ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 2018ರ ‘ಹ್ಯಾಂಡ್ಸ್ ಅಪ್’ ಚಿತ್ರ ಸುಮಾರು 34 ಲಕ್ಷ ಡಾಲರ್‌ಗೆ ಹೋಯಿತು. ತಲೆಬರಹದ 25 ಕೋಟಿ ಇದೇ.

ಪತ್ರಿಕೆಗಳಲ್ಲಿ ‘ಬಡ ಹುಡುಗ ಕೋಟ್ಯಧಿಪತಿ’ ಥರದ ಕತೆಗಳು ಶುರುವಾದದ್ದೂ ಇಲ್ಲಿಂದಲೇ. ನಾವು ಎಡವುವುದೂ ಇಲ್ಲೇ.

## ಆ ದುಡ್ಡು ಯಾರಿಗೆ ಹೋಗುತ್ತದೆ

ಕಲೆಗೆ ಎರಡು ಮಾರುಕಟ್ಟೆ. ಮೊದಲನೆಯದು ಗ್ಯಾಲರಿ. ಚಿತ್ರ ಕಲಾವಿದರ ಕೈಯಿಂದ ಮೊದಲ ಸಲ ಹೊರಗೆ ಹೋಗುವುದು ಇಲ್ಲಿ. ಬಂದ ದುಡ್ಡನ್ನು ಕಲಾವಿದರು, ಗ್ಯಾಲರಿಯವರು ಸಾಮಾನ್ಯವಾಗಿ ಅರ್ಧ-ಅರ್ಧ ಹಂಚಿಕೊಳ್ಳುತ್ತಾರೆ. 10,000 ಡಾಲರ್ ಚಿತ್ರ ಮಾರಿದರೆ ಕಲಾವಿದರಿಗೆ 5,000. ಅದರಲ್ಲೇ ಬಣ್ಣ, ಕ್ಯಾನ್ವಾಸ್, ಬಾಡಿಗೆ ಎಲ್ಲ.

ಎರಡನೆಯದು ಹರಾಜು. ಅಲ್ಲಿ ಮಾರುವವರು ಚಿತ್ರವನ್ನು ಮೊದಲೇ ಕೊಂಡವರು. ಸುತ್ತಿಗೆ ಬಿದ್ದ ಬೆಲೆ ಅವರಿಗೆ. ಅದರ ಮೇಲೆ ಕೊಳ್ಳುವವರು ಕಟ್ಟುವ ಕಮಿಷನ್ ಹರಾಜು ಮನೆಗೆ. ಪತ್ರಿಕೆಯಲ್ಲಿ ಬರುವ ಅಂಕಿಯಲ್ಲಿ ಇದೂ ಸೇರಿರುತ್ತದೆ. ಕಲಾವಿದರಿಗೆ? ಬಹಳಷ್ಟು ಕಡೆ ಸೊನ್ನೆ. ಸೈಟು ಮಾರಿದ ಮೇಲೆ ಅದರ ಬೆಲೆ ಹತ್ತು ಪಟ್ಟು ಏರಿದರೆ ಹಳೆಯ ಮಾಲೀಕರಿಗೆ ಏನು ಸಿಗುತ್ತದೋ ಅಷ್ಟೇ.

ನಿಂಬೆ ಚಿತ್ರವನ್ನು ಹರಾಜಿಗೆ ಇಟ್ಟದ್ದು ಲಾಸ್ ಏಂಜಲೀಸ್‌ನ ಒಬ್ಬ ಸಂಗ್ರಾಹಕ. ಅವರು ಅದಕ್ಕೆ ಕೊಟ್ಟಿದ್ದು 22,500 ಡಾಲರ್ ಎಂದು ಆಮೇಲೆ ವರದಿಯಾಯಿತು. ಹೀಗೆ ಕೊಂಡ ಕೂಡಲೇ ಲಾಭಕ್ಕೆ ಮಾರುವುದಕ್ಕೆ ಆ ವ್ಯಾಪಾರದವರು ‘ಫ್ಲಿಪ್ಪಿಂಗ್’ ಎನ್ನುತ್ತಾರೆ, ದೋಸೆ ಮಗುಚಿದ ಹಾಗೆ. ಇನ್ನೂ ವಿಚಿತ್ರ ಏನೆಂದರೆ, ಆ ಹರಾಜಿನಲ್ಲಿ ಕೂಗಿದವರ ಜೊತೆ ಬೊವಾಫೊ ಅವರದೇ ಒಂದು ಒಪ್ಪಂದ ಇತ್ತು, ತಮ್ಮದೇ ಚಿತ್ರವನ್ನು ವಾಪಸ್ ತರಿಸಿಕೊಳ್ಳುವ ಪ್ರಯತ್ನ ಅದಾಗಿತ್ತು ಎಂದೂ ವರದಿಯಾಯಿತು. ಬರೆದವರೇ ತಮ್ಮ ಚಿತ್ರವನ್ನು ಹರಾಜಿನಲ್ಲಿ ಹಿಂದಕ್ಕೆ ಕೊಳ್ಳಲು ನೋಡಬೇಕಾಗಿ ಬಂತು ಎಂದರೆ ಎಲ್ಲಿಗೆ ಬಂತು ನೋಡಿ.

## ಬೆಲೆ ಏರಿದರೆ ಒಳ್ಳೆಯದೇ ಅಲ್ವಾ?

ಹಾಗನ್ನಿಸುತ್ತದೆ. ಹರಾಜಿನಲ್ಲಿ ಬೆಲೆ ಏರಿದರೆ ಮುಂದಿನ ಚಿತ್ರಕ್ಕೆ ಗ್ಯಾಲರಿ ಜಾಸ್ತಿ ಕೇಳಬಹುದು, ಅದರಲ್ಲಿ ಅರ್ಧ ಕಲಾವಿದರಿಗೆ ಬರುತ್ತದೆ. ಇದು ಸುಳ್ಳಲ್ಲ. ಆದರೂ ಗ್ಯಾಲರಿಯವರು ಇಂಥ ಹರಾಜು ಕಂಡರೆ ಹೆದರುತ್ತಾರೆ. ಕಾರಣ ಹೀಗೆ.

ಗ್ಯಾಲರಿಯಲ್ಲಿ 20,000, ಹರಾಜಿನಲ್ಲಿ ಎಂಟು ಲಕ್ಷ ಡಾಲರ್. ಈ ಅಂತರ ಕಂಡ ಕೂಡಲೇ ಗ್ಯಾಲರಿ ಮುಂದೆ ಕ್ಯೂ ನಿಲ್ಲುತ್ತದೆ. ಆ ಕ್ಯೂನಲ್ಲಿ ಚಿತ್ರ ಇಷ್ಟಪಟ್ಟು ಬಂದವರು ಯಾರು, ಆರು ತಿಂಗಳಲ್ಲಿ ಮಾರಲು ಬಂದವರು ಯಾರು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಎರಡನೆಯ ಜಾತಿಯವರ ಕೈಗೆ ಹತ್ತು ಚಿತ್ರ ಹೋದರೆ, ಆ ಹತ್ತೂ ಒಂದೆರಡು ವರ್ಷದಲ್ಲಿ ಹರಾಜಿಗೆ ಬರುತ್ತವೆ. ಮೊದಲ ಎರಡಕ್ಕೆ ಪೈಪೋಟಿ ಇರುತ್ತದೆ. ಆರನೆಯದರ ಹೊತ್ತಿಗೆ ಕೈ ಎತ್ತುವವರು ಕಡಿಮೆ. ಹತ್ತನೆಯದು ಕನಿಷ್ಠ ಬೆಲೆಯನ್ನೂ ಮುಟ್ಟದೆ ವಾಪಸ್ ಹೋಗುತ್ತದೆ, ಅದೂ ಎಲ್ಲರ ಕಣ್ಣೆದುರಿಗೆ, ಯಾಕೆಂದರೆ ಹರಾಜಿನ ಫಲಿತಾಂಶ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ‘ಇವರ ಕಾಲ ಮುಗಿಯಿತು’ ಎಂದು ಮಾತಾಗಲು ಅಷ್ಟು ಸಾಕು. ಚಿತ್ರ ಕೆಟ್ಟಿಲ್ಲ, ಬೆರಳು ಬದಲಾಗಿಲ್ಲ, ಆದರೆ ಕಲಾವಿದರ ಹೆಸರು ಕೆಟ್ಟಿತು.

ಮೇಲೇರಿದ ಗ್ಯಾಲರಿ ಬೆಲೆಯನ್ನು ಇಳಿಸುವುದು ಇನ್ನೂ ಕಷ್ಟ. ಹೋದ ವರ್ಷ ಜಾಸ್ತಿ ಕೊಟ್ಟು ಕೊಂಡವರು ಸುಮ್ನೆ ಇರುತ್ತಾರಾ? ಹಾಗಾಗಿ ಬೆಲೆ ಇಳಿಸುವ ಬದಲು ಪ್ರದರ್ಶನವನ್ನೇ ಮುಂದೂಡುತ್ತಾರೆ. ಹರಾಜಿನ ಲಾಭದಲ್ಲಿ ಪಾಲು ಸಿಗದ ಕಲಾವಿದರಿಗೆ ನಷ್ಟದಲ್ಲಿ ಮಾತ್ರ ತಪ್ಪದೆ ಪಾಲು.

ಇದಕ್ಕೆ ಗ್ಯಾಲರಿಗಳು ಒಪ್ಪಂದದ ಬೇಲಿ ಹಾಕುತ್ತವೆ. ಮೂರು ವರ್ಷವೋ ಐದು ವರ್ಷವೋ ಮಾರುವಂತಿಲ್ಲ, ಮಾರುವುದಾದರೆ ಮೊದಲು ನಮ್ಮನ್ನೇ ಕೇಳಬೇಕು ಅಂತ. ಮುರಿದರೆ? ಕೋರ್ಟಿಗೆ ಹೋಗುವವರು ಅಪರೂಪ. ಮುಂದೆ ನಿಮಗೆ ಚಿತ್ರ ಕೊಡುವುದಿಲ್ಲ ಎನ್ನುತ್ತಾರೆ, ಅಷ್ಟೇ. 22,500ಕ್ಕೆ ಕೊಂಡಿದ್ದನ್ನು ಲಕ್ಷಗಳಿಗೆ ಮಾರಿದವರಿಗೆ ಅದು ದೊಡ್ಡ ಶಿಕ್ಷೆಯೇನಲ್ಲ.

## ಉಬ್ಬಿದ್ದು ಯಾಕೆ, ಇಳಿದದ್ದು ಯಾಕೆ

2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತರು. ದೇಶವೆಲ್ಲ ಬೀದಿಗಿಳಿಯಿತು. ಅಮೆರಿಕದ ಮ್ಯೂಸಿಯಂಗಳು ತಮ್ಮ ಗೋಡೆ ನೋಡಿಕೊಂಡವು, ಅಲ್ಲಿ ಕಪ್ಪು ಕಲಾವಿದರು ಬೆರಳೆಣಿಕೆಯಷ್ಟು. ಆ ಕೊರತೆ ತುಂಬುವ ಅವಸರ ಶುರುವಾಯಿತು. ಕೋವಿಡ್ ಕಾಲದಲ್ಲಿ ಬಡ್ಡಿ ದರ ನೆಲ ಕಚ್ಚಿತ್ತು, ದುಡ್ಡಿದ್ದವರು ಮನೆಯಲ್ಲಿ ಕೂತು ಸ್ಕ್ರೀನ್ ನೋಡಿಯೇ ಕೊಳ್ಳುತ್ತಿದ್ದರು. ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುವುದು ಗಾಢ ಬಣ್ಣದ ಹಿನ್ನೆಲೆ, ಸ್ಪಷ್ಟ ಆಕಾರ, ಎದುರು ನೋಡುವ ಮುಖ. ಬೊವಾಫೊ ಇದನ್ನು ಮಾರುಕಟ್ಟೆಗಾಗಿ ಕಂಡುಹಿಡಿದದ್ದಲ್ಲ, ಮೊದಲಿಂದ ಮಾಡುತ್ತಿದ್ದದ್ದೇ ಅದು. ಆದರೆ ಮಾರುಕಟ್ಟೆಗೆ ಆಗ ಬೇಕಾಗಿದ್ದೂ ಅದೇ ಆಗಿತ್ತು.

ಹಾಗಾಗಿ ದಲ್ಲಾಳಿಗಳು ಆಕ್ರಾಗೆ ವಿಮಾನ ಹತ್ತಿದರು. ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಮಾಡಿ ಯುವ ಚಿತ್ರಕಾರರ ಕ್ಯಾನ್ವಾಸ್‌ಗಳನ್ನು ನೇರವಾಗಿ, ಸಗಟಾಗಿ ಕೊಂಡವರೂ ಇದ್ದರು. ಪಕ್ಕದ ಕೋತ್ ದಿವ್ವಾರ್‌ನ (ಐವರಿ ಕೋಸ್ಟ್) ಅಬುದಿಯಾ ಅವರದು ಬೇರೆ ಶೈಲಿ, ಅಬಿಜಾನ್‌ನ ಬೀದಿ ಮಕ್ಕಳು ಗೋಡೆ ಮೇಲೆ ಗೀಚುವ ಹಾಗಿನ ಚಿತ್ರಗಳು. 2022ರಲ್ಲಿ ಅವರ 75 ಕೃತಿಗಳು ಹರಾಜಿನಲ್ಲಿ ಮಾರಾಟವಾದವು ಎಂದು ವಿಮಾ ಕಂಪನಿ ಹಿಸ್ಕಾಕ್ಸ್‌ನ ಪಟ್ಟಿ ಹೇಳಿತು. ಆ ಪಟ್ಟಿಯಲ್ಲಿ ಸಂಖ್ಯೆಯ ಲೆಕ್ಕಕ್ಕೆ ಬ್ರಿಟನ್ನಿನ ದೊಡ್ಡ ಹೆಸರುಗಳಾದ ಡೇಮಿಯನ್ ಹರ್ಸ್ಟ್, ಬ್ಯಾಂಕ್ಸಿಯಂಥವರೂ ಹಿಂದೆ ಬಿದ್ದರು. ಒಂದೇ ವರ್ಷಕ್ಕೆ ಒಬ್ಬರದೇ 75.

2022ರಿಂದ ಬಡ್ಡಿ ದರ ಏರಿತು. ಬ್ಯಾಂಕಿನಲ್ಲಿ ಇಟ್ಟರೇ ದುಡ್ಡು ಬೆಳೆಯುವಾಗ ಕ್ಯಾನ್ವಾಸ್ ಮೇಲೆ ಜೂಜಾಡುವುದು ಯಾಕೆ? ಆರ್ಟ್ ಬಾಸೆಲ್ ಕಲಾ ಮೇಳ ಮತ್ತು ಯುಬಿಎಸ್ ಬ್ಯಾಂಕಿನ ವರದಿಯ ಪ್ರಕಾರ ಜಗತ್ತಿನ ಕಲಾ ಮಾರಾಟ 2023ರಲ್ಲಿ ಶೇ. 4, 2024ರಲ್ಲಿ ಇನ್ನೂ ಶೇ. 12 ಇಳಿದು 57.5 ಬಿಲಿಯನ್ ಡಾಲರ್‌ಗೆ ಬಂತು. ಇಳಿತ ಎಲ್ಲರಿಗೂ ಬಂತು. ಆದರೆ ಮೊದಲು ಬಿದ್ದವರು ತೀರಾ ಹೊಸಬರು, ಯಾಕೆಂದರೆ ಅವರ ಬೆಲೆ ನಿಂತಿದ್ದೇ ಮುಂದಿನ ಕೊಳ್ಳುವವರ ನಿರೀಕ್ಷೆಯ ಮೇಲೆ.

## ಯಾರು ಏನು ಹೇಳುತ್ತಾರೆ

ಕೊಂಡು ಮಾರುವವರ ವಾದ ನೇರ: ಯಾರಿಗೂ ಗೊತ್ತಿಲ್ಲದಾಗ ದುಡ್ಡು ಹಾಕಿದ್ದು ನಾವು, ಬಿದ್ದಿದ್ದರೆ ನಷ್ಟ ನಮ್ಮದು, ಗೆದ್ದಾಗ ಲಾಭವೂ ನಮ್ಮದು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ.

ವಿಮರ್ಶಕರಲ್ಲಿ ಕೆಲವರ ದೂರು ಚಿತ್ರಗಳ ಮೇಲೇ. ಚಪ್ಪಟೆ ಹಿನ್ನೆಲೆ, ಚೆಂದದ ಬಟ್ಟೆ, ಗಂಭೀರ ಕಪ್ಪು ಮುಖ, ಇದೊಂದು ಅಚ್ಚು ಆಗಿಬಿಟ್ಟಿದೆ, ಆಕ್ರಾದಲ್ಲಿ ಇದನ್ನೇ ನಕಲು ಮಾಡುವವರು ಹುಟ್ಟಿಕೊಂಡಿದ್ದಾರೆ ಎನ್ನುತ್ತಾರೆ. ನಕಲು ಇರುವುದು ನಿಜ. ಆದರೆ ಅದಕ್ಕೆ ಮೂಲವನ್ನು ದೂರುವುದು ಸರಿಯಲ್ಲ. ಬೆರಳಿನ ಆ ಸುರುಳಿಗಳನ್ನು ಹತ್ತಿರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಇನ್ನು ಕೆಲವರು ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ: ಬಿಳಿ ಕಲಾವಿದರ ಬೆಲೆ ಏರಿದಾಗ ಪ್ರತಿಭೆ, ಕಪ್ಪು ಕಲಾವಿದರದು ಏರಿದಾಗ ಮಾತ್ರ ‘ಗುಳ್ಳೆ’ ಯಾಕೆ?

ಘಾನಾದ ಒಳಗೇ ಇನ್ನೊಂದು ದಾರಿ ಇದೆ. ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕಾರಿಕಾಚಾ ಸೈಡೌ ಅವರ ಬಳಗ, ಕಲೆ ಸರಕಾಗಬಾರದು, ಕೊಡುಗೆಯಾಗಬೇಕು ಎಂದು ವರ್ಷಗಳಿಂದ ಹೇಳುತ್ತ ಬಂದಿದೆ. ಇಬ್ರಾಹಿಂ ಮಹಾಮಾ ಬಂದದ್ದು ಅಲ್ಲಿಂದ. ಕೋಕೋ ತುಂಬುತ್ತಿದ್ದ ಹಳೆಯ ಸೆಣಬಿನ ಚೀಲಗಳನ್ನು ಹೊಲಿದು ಇಡೀ ಕಟ್ಟಡಗಳಿಗೆ ಹೊದಿಸುತ್ತಾರೆ. ಗಳಿಸಿದ್ದರಲ್ಲಿ ಉತ್ತರ ಘಾನಾದ ತಮಾಲೆಯಲ್ಲಿ ಕಲಾ ಕೇಂದ್ರಗಳನ್ನು ಕಟ್ಟಿದ್ದಾರೆ. ಹಾಗಂತ ಅವರೇನೂ ಮಾರುಕಟ್ಟೆಯಿಂದ ತಪ್ಪಿಸಿಕೊಂಡವರಲ್ಲ. ನಿಂಬೆ ಚಿತ್ರ ಮಾರಿದ ಅದೇ ಸಂಗ್ರಾಹಕ ಮತ್ತು ಒಬ್ಬ ಡೀಲರ್, ಇವರ ಚೀಲದ ಕೃತಿಗಳನ್ನು ಮುನ್ನೂರರ ಹತ್ತಿರ ತುಂಡು ಮಾಡಿ ಚೌಕಟ್ಟಿಗೆ ಹಾಕಿದಾಗ, ಅವು ನನ್ನ ಕೃತಿಗಳಲ್ಲ ಎಂದು ಮಹಾಮಾ ತಿರುಗಿಬಿದ್ದರು. 2015ರಲ್ಲಿ ಮಹಾಮಾ ಮೇಲೆಯೇ ಕೇಸು ಬಿತ್ತು, ಕೊನೆಗೆ ರಾಜಿಯಾಯಿತು. ಚೀಲವನ್ನೂ ಬಿಡಲಿಲ್ಲ!

## ಕಾನೂನು ಏನು ಮಾಡಬಹುದು

ಮರುಮಾರಾಟದಲ್ಲಿ ಕಲಾವಿದರಿಗೆ ಪಾಲು ಕೊಡುವ ಕಾನೂನು ಕೆಲವು ಕಡೆ ಇದೆ. ಫ್ರಾನ್ಸ್‌ನಲ್ಲಿ 1920ರಲ್ಲೇ ಬಂತು. ಯುರೋಪಿಯನ್ ಒಕ್ಕೂಟ 2001ರಲ್ಲಿ ನಿಯಮ ಮಾಡಿತು, ಬ್ರಿಟನ್ನಿನಲ್ಲಿ 2006ರಲ್ಲಿ ಜಾರಿಯಾಯಿತು. ದರ ಶೇ. 4ರಿಂದ ಶುರು, ಬೆಲೆ ಏರಿದ ಹಾಗೆ ಇಳಿಯುತ್ತದೆ. ಒಂದು ಮಾರಾಟಕ್ಕೆ ಗರಿಷ್ಠ ಒಕ್ಕೂಟದಲ್ಲಿ 12,500 ಯೂರೋ, ಬ್ರಿಟನ್ನಿನಲ್ಲಿ 12,500 ಪೌಂಡ್. ಚಿತ್ರ ನೂರು ಕೋಟಿಗೆ ಹೋದರೂ ಅಷ್ಟೇ. ಅದೂ ಎಲ್ಲರಿಗಲ್ಲ, ಕಲಾವಿದರ ಸ್ವಂತ ದೇಶವೂ ಇಂಥ ಹಕ್ಕನ್ನು ಕೊಟ್ಟಿದ್ದರೆ ಮಾತ್ರ ಹೊರಗಿನವರಿಗೆ ಸಿಗುತ್ತದೆ. ಕೊಡುವ ಪಾಲು ಚಿಕ್ಕದು, ಆ ಬಾಗಿಲೂ ಚಿಕ್ಕದು.

ಅಮೆರಿಕದಲ್ಲಿ ದೇಶವ್ಯಾಪಿ ಕಾನೂನೇ ಇಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1970ರ ದಶಕದಲ್ಲಿ ಶೇ. 5ರ ಒಂದು ಕಾಯ್ದೆ ಮಾಡಿತ್ತು, 2018ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದರ ಜೀವ ತೆಗೆಯಿತು. ನಮ್ಮಲ್ಲಿದೆಯಾ ಎಂದು ಕೇಳಿದರೆ, ಇದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿಸಿದ 53ಎ ಕಲಮು ಹೇಳುವುದು ಇದನ್ನೇ: 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದ ಮೂಲ ಚಿತ್ರದ ಬೆಲೆಯಲ್ಲಿ ಕಲಾವಿದರಿಗೆ ಅಥವಾ ವಾರಸುದಾರರಿಗೆ ಶೇ. 10ರವರೆಗೆ ಪಾಲು ಕೇಳುವ ಹಕ್ಕಿದೆ. ಕಾಗದದ ಮೇಲೆ ಯುರೋಪಿಗಿಂತ ಉದಾರ. ಬಳಕೆಯಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ.

## ಬೊವಾಫೊ ಏನು ಮಾಡಿದರು

ಕಾನೂನನ್ನು ಕಾಯಲಿಲ್ಲ. ಫ್ರಾನ್ಸ್‌ನ ಡಿಯೋರ್ ಕಂಪನಿ ತನ್ನ 2021ರ ಗಂಡಸರ ಉಡುಪುಗಳಿಗೆ ಇವರ ಚಿತ್ರಗಳನ್ನು ಕೇಳಿದಾಗ, ಆಕ್ರಾದಲ್ಲಿ ಯುವ ಕಲಾವಿದರಿಗಾಗಿ ಕಟ್ಟುವ ಜಾಗಕ್ಕೆ ನೆರವು ಕೊಡುವ ಮಾತಾಯಿತು. 2021ರ ಆಗಸ್ಟಿನಲ್ಲಿ ಅಮೆರಿಕದ ಬ್ಲೂ ಒರಿಜಿನ್ ಕಂಪನಿಯ ರಾಕೆಟ್ ಮೇಲೆ ಮೂರು ಮುಖಗಳು ಬಾಹ್ಯಾಕಾಶದ ಅಂಚಿಗೆ ಹೋಗಿ ಬಂದವು: ಅವರದು, ಅವರ ಅಮ್ಮನದು, ಗೆಳೆಯ ಕಲಾವಿದ ಓಟಿಸ್ ಕ್ವೈಕೋ ಅವರ ತಾಯಿಯದು. ಪ್ರಚಾರದ ಆಟ ಎಂದು ನಕ್ಕವರಿದ್ದಾರೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೂ ಮನೆಗೆಲಸ ಮಾಡಿ ಸಾಕಿದ ಅಮ್ಮನ ಮುಖವನ್ನು ಅಷ್ಟು ಮೇಲೆ ಕಳಿಸುವ ಆಸೆ ಯಾರಿಗಿರುವುದಿಲ್ಲ?

2022ರ ಡಿಸೆಂಬರಿನಲ್ಲಿ ಆಕ್ರಾದ ಸಮುದ್ರದಂಡೆಯ ಕಡೆ ‘ಡಾಟ್ ಅಟೆಲಿಯರ್ಸ್’ ತೆರೆಯಿತು. ವಾಸ್ತುಶಿಲ್ಪಿ ಡೇವಿಡ್ ಅಜಾಯೆ ಮಾಡಿದ ಕಟ್ಟಡ. ಕೆಲಸ ಮಾಡಲು ಜಾಗ, ಗ್ಯಾಲರಿ, ಲೈಬ್ರರಿ ಎಲ್ಲ ಒಂದೇ ಸೂರಿನಡಿ. 2024ರಲ್ಲಿ ಬರಹಗಾರರಿಗೆ ಮತ್ತು ಪ್ರದರ್ಶನ ರೂಪಿಸುವವರಿಗೆ ಇನ್ನೊಂದನ್ನು ಆಕ್ರಾದ ಒಗ್ಬೊಜೊದಲ್ಲಿ ಮಾಡಿದರು. ಚಿತ್ರ ಬರೆಯುವವರಿಗೆ ಜಾಗ ಸರಿ, ಬರಹಗಾರರಿಗೆ ಯಾಕೆ? ಒಬ್ಬ ಕಲಾವಿದರ ಬಗ್ಗೆ ಹರಾಜಿನ ಪಟ್ಟಿ ಬಿಟ್ಟು ಬೇರೇನೂ ಬರೆಯದಿದ್ದರೆ, ಅವರಿಗೆ ಬೆಲೆಯೇ ಗುರುತಾಗಿಬಿಡುತ್ತದೆ. ಊರಿನವರೇ ಬರೆದ ವಿಮರ್ಶೆ, ಊರಲ್ಲೇ ಮಾಡಿದ ಪ್ರದರ್ಶನ ಇದ್ದರೆ, ಹರಾಜು ಬಿದ್ದಾಗಲೂ ಹೆಸರು ನಿಲ್ಲಲು ಬೇರೆ ನೆಲ ಇರುತ್ತದೆ.

## ಮುಂದೆ

ಬೊವಾಫೊ ಅವರಿಗೆ ದೊಡ್ಡ ಪೆಟ್ಟು ಬೀಳುವ ಹಾಗೆ ಕಾಣುವುದಿಲ್ಲ. 2024ರ ಅಕ್ಟೋಬರಿನಲ್ಲಿ ವಿಯೆನ್ನಾದ ಬೆಲ್ವೆಡೇರ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಮಾಡಿತು, ಕ್ಲಿಮ್ಟ್‌ನ ‘ಮುತ್ತು’ (ದಿ ಕಿಸ್) ಚಿತ್ರ ಇರುವ ಮ್ಯೂಸಿಯಂ ಅದು. 2025ರಲ್ಲಿ ಲಂಡನ್ನಿನ ಗಗೋಸಿಯನ್ ಗ್ಯಾಲರಿಯೊಳಗೆ ಆಕ್ರಾದಲ್ಲಿ ತಾವು ಬೆಳೆದ ಮನೆಯ ಅಂಗಳವನ್ನೇ ಎಬ್ಬಿಸಿದರು. ಮ್ಯೂಸಿಯಂ ಸೇರಿದ ಚಿತ್ರ ಹರಾಜಿಗೆ ಬರುವುದು ತೀರಾ ಅಪರೂಪ. ಅಂಥ ಚಿತ್ರ ಹೆಚ್ಚಿದಷ್ಟೂ ಫ್ಲಿಪ್ ಮಾಡುವವರ ಕೈಗೆ ಸಿಗುವುದು ಕಡಿಮೆ, ಬೆಲೆಯ ಏರಿಳಿತವೂ ತಣ್ಣಗಾಗುತ್ತದೆ.

ಕಷ್ಟ ಇರುವುದು ಅವರ ಹಿಂದೆ ಬಂದವರಿಗೆ. 2021ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ನಾಲ್ಕಾರು ಕ್ಯಾನ್ವಾಸ್ ಮಾರಿ ಸ್ಟುಡಿಯೊ ಬಾಡಿಗೆಗೆ ಹಿಡಿದವರು, ಇಬ್ಬರು ಸಹಾಯಕರನ್ನು ಇಟ್ಟುಕೊಂಡವರು, ಅವರ ಮೆಸೇಜಿಗೆ ಈಗ ದಲ್ಲಾಳಿಗಳು ಉತ್ತರ ಕೊಡುತ್ತಿಲ್ಲ. ಅವರ ಹೆಸರಿಗೆ ಅಂಟಿಕೊಂಡಿರುವುದು ಇಂಟರ್ನೆಟ್‌ನಲ್ಲಿರುವ ಎರಡು ಹರಾಜಿನ ಅಂಕಿ, ಒಂದು ಏರಿದ್ದು, ಒಂದು ಬಿದ್ದದ್ದು. ಹೊಸ ಗ್ಯಾಲರಿಯವರು ಹುಡುಕಿದರೆ ಮೊದಲು ಕಾಣುವುದು ಎರಡನೆಯದು.